ಕೆಲ್ಸ ಹೋದ್ರೆ ಮನೇನೂ ಹೋಗುತ್ತೆ: 2008-09ರಲ್ಲಿ ಜಪಾನಿನ ಕಾರ್ ಫ್ಯಾಕ್ಟರಿಗಳಿಂದ ಹೊರಬಿದ್ದ ಟೆಂಪರರಿಗಳು

ಟೋಕಿಯೋ ನಗರದ ನಟ್ಟನಡುವೆ ಹಿಬಿಯಾ ಪಾರ್ಕ್ ಅಂತ ಒಂದಿದೆ. ಹಳೇ ಪಾರ್ಕು, ಒಂದು ಕಡೆ ಅರಮನೆ, ಹತ್ರದಲ್ಲೇ ದೊಡ್ಡ ದೊಡ್ಡ ಹೋಟ್ಲು, ಇನ್ನೊಂದು ಪಕ್ಕ ಕಸುಮಿಗಸೆಕಿ, ಅಂದ್ರೆ ಸರ್ಕಾರದ ಸಚಿವಾಲಯಗಳೆಲ್ಲ ಸಾಲಾಗಿ ನಿಂತಿರೋ ಜಾಗ. ಕಾರ್ಮಿಕ ಸಚಿವಾಲಯದ ಕಟ್ಟಡ ಈ ಪಾರ್ಕಿನ ಎದುರಿಗೇ ಇದೆ, ರಸ್ತೆ ದಾಟಿದ್ರೆ ಸಾಕು. 2008ರ ಡಿಸೆಂಬರ್ 31ಕ್ಕೆ ಈ ಪಾರ್ಕಲ್ಲಿ ಟೆಂಟ್‌ಗಳು ಎದ್ವು. ಚಳಿಗಾಲ, ವರ್ಷದ ಕೊನೇ ದಿನ, ಆಫೀಸುಗಳೆಲ್ಲ ಬಂದ್. ದೊಡ್ಡ ಪಾತ್ರೆಗಳಲ್ಲಿ ಬಿಸಿ ಬಿಸಿ ಅಡುಗೆ ಆಗ್ತಿತ್ತು, ಜನ ಕ್ಯೂ ನಿಂತಿದ್ರು. ಆ ಕ್ಯೂನಲ್ಲಿ ಇದ್ದೋರಲ್ಲಿ ಹಲವರು ಕೆಲವೇ ವಾರಗಳ ಹಿಂದೆ ಫ್ಯಾಕ್ಟರಿಗಳಲ್ಲಿ ಕಾರಿನ ಬಾಗಿಲು ಕೂರಿಸ್ತಿದ್ದೋರು, ಬೋಲ್ಟ್ ಬಿಗೀತಿದ್ದೋರು, ಪಾರ್ಟ್ಸ್ ಜೋಡಿಸ್ತಿದ್ದೋರು.

ಇವರು ಅಲ್ಲಿಗೆ ಹೇಗೆ ಬಂದ್ರು ಅನ್ನೋದನ್ನ ಇವತ್ತು ಹೇಳ್ಬೇಕು ಅಂತ ಬಂದಿದೀನಿ. ಸಾಮಾನ್ಯವಾಗಿ ಈ ಕಥೇನ ಹೀಗೆ ಹೇಳ್ತಾರೆ: ಅಮೆರಿಕದಲ್ಲಿ ಬ್ಯಾಂಕ್ ಮುಳುಗ್ತು, ಕಾರು ಮಾರಾಟ ಬಿತ್ತು, ಪಾಪ ಟೆಂಪರರಿಗಳ ಕೆಲ್ಸ ಹೋಯ್ತು. ಏನೋ ಮಳೆ ಬಂತು, ನೆನೆದ್ರು ಅನ್ನೋ ಹಾಗೆ. ಅದು ಪೂರ್ತಿ ಸುಳ್ಳೇನಲ್ಲ, ಆದ್ರೆ ಅವರ ಕೆಲ್ಸ ಹೋಗೋದು ಅವರನ್ನ ಸೇರಿಸ್ಕೊಂಡ ದಿನವೇ ತೀರ್ಮಾನ ಆಗಿತ್ತು ಅಂತ ನಾನು ಹೇಳ್ತೀನಿ. ಯಾವ ತಿಂಗಳು ಅನ್ನೋದು ಮಾತ್ರ ಬಾಕಿ ಇತ್ತು. ಅದು ಹೇಗೆ ಅಂತ ಒಂದೊಂದಾಗಿ ನೋಡೋಣ, ಸ್ವಲ್ಪ ಅಡ್ಡದಾರಿ ಹಿಡಿದ್ರೆ ಸಹಿಸ್ಕೊಳ್ಳಿ.

ಮೊದಲು ಮಾರುಕಟ್ಟೆ ವಿಷ್ಯ ಬೇಗ ಮುಗಿಸಿಬಿಡ್ತೀನಿ, ಯಾಕಂದ್ರೆ ಅದು ಎಲ್ಲರಿಗೂ ಗೊತ್ತಿರೋದೇ. 2008ರ ಸೆಪ್ಟೆಂಬರ್ 15ಕ್ಕೆ ಅಮೆರಿಕದ ದೊಡ್ಡ ಬ್ಯಾಂಕ್ ಲೀಮನ್ ಬ್ರದರ್ಸ್ ದಿವಾಳಿ ಆಯ್ತು. ಕಾರು ಅನ್ನೋದು ಜನ ಮುಂದಕ್ಕೆ ಹಾಕಬಹುದಾದ ಖರೀದಿ, ಹಳೇ ಗಾಡಿ ಇನ್ನೊಂದು ವರ್ಷ ಓಡಿಸಿದ್ರಾಯ್ತು. ಅದರ ಮೇಲೆ ಅಮೆರಿಕದಲ್ಲಿ ಜನ ಕಾರು ತಗೊಳ್ಳೋದು ಹೆಚ್ಚಾಗಿ ಸಾಲದ ಮೇಲೆ, ಆ ಸಾಲಾನೇ ನಿಂತೋಯ್ತು. 2007ರಲ್ಲಿ ಅಲ್ಲಿ ಸುಮಾರು 1 ಕೋಟಿ 60 ಲಕ್ಷ ಗಾಡಿ ಮಾರಾಟ ಆಗಿತ್ತು, 2009ಕ್ಕೆ ಅದು 1 ಕೋಟಿ 4 ಲಕ್ಷದ ಹತ್ರಕ್ಕೆ ಬಂತು. ಜಪಾನಿನ ಫ್ಯಾಕ್ಟರಿಗಳು ನಿಂತಿದ್ದೇ ಎಕ್ಸ್‌ಪೋರ್ಟ್ ಮೇಲೆ. ಜೊತೆಗೆ ಯೆನ್ ಬೇರೆ ಏರ್ತು, ಆಗಸ್ಟಲ್ಲಿ ಡಾಲರಿಗೆ 110 ಯೆನ್ ಆಸುಪಾಸು ಇದ್ದಿದ್ದು ಡಿಸೆಂಬರಲ್ಲಿ 90ಕ್ಕಿಂತ ಕೆಳಗೂ ಹೋಯ್ತು, ಅಂದ್ರೆ ಅಲ್ಲಿ ಒಂದು ಕಾರು ಮಾರಿದ್ರೆ ಇಲ್ಲಿ ಕೈಗೆ ಬರೋದು ಇನ್ನೂ ಕಮ್ಮಿ. 2009ರ ಫೆಬ್ರವರಿಯಲ್ಲಿ ಜಪಾನಿನ ಒಟ್ಟು ರಫ್ತು ಹಿಂದಿನ ವರ್ಷದ ಅದೇ ತಿಂಗಳಿಗೆ ಹೋಲಿಸಿದ್ರೆ ಶೇಕಡ 49ರಷ್ಟು ಕುಸಿದಿತ್ತು. ಹೆಚ್ಚೂಕಮ್ಮಿ ಅರ್ಧ. ಟೊಯೋಟಾ 2008ರ ಮಾರ್ಚಿಗೆ ಮುಗಿದ ವರ್ಷದಲ್ಲಿ 2 ಲಕ್ಷ 27 ಸಾವಿರ ಕೋಟಿ ಯೆನ್ ಆಪರೇಟಿಂಗ್ ಲಾಭ ಮಾಡಿತ್ತು, ಮರುವರ್ಷ ಸುಮಾರು 46 ಸಾವಿರ ಕೋಟಿ ಯೆನ್ ನಷ್ಟ. ಸುಮಾರು ಎಪ್ಪತ್ತು ವರ್ಷದಲ್ಲಿ ಅಂಥದ್ದು ಮೊದಲು.

ಈಗ ಫ್ಯಾಕ್ಟರಿ ಒಳಗೆ ಬನ್ನಿ, ಅಸಲಿ ಕಥೆ ಇರೋದು ಅಲ್ಲಿ.

ಅಸೆಂಬ್ಲಿ ಲೈನಲ್ಲಿ ಟಾಕ್ಟ್ ಅಂತ ಒಂದು ಮಾತಿದೆ. ಎಷ್ಟು ಹೊತ್ತಿಗೊಂದು ಕಾರು ಹೊರಗೆ ಬರಬೇಕು ಅನ್ನೋ ಲೆಕ್ಕ ಅದು. ಉದಾಹರಣೆಗೆ ನಿಮಿಷಕ್ಕೊಂದು ಕಾರು ಬರಬೇಕು ಅಂದ್ಕೊಳ್ಳಿ. ಆಗ ಲೈನಲ್ಲಿ ನಿಂತ ಪ್ರತಿಯೊಬ್ಬನಿಗೂ ಒಂದು ನಿಮಿಷದ ಕೆಲ್ಸ, ಗಾಡಿ ಮುಂದಕ್ಕೆ ಹೋಗುತ್ತೆ, ಮುಂದಿನ ಗಾಡಿ ಬರುತ್ತೆ, ಮತ್ತೆ ಅದೇ ಒಂದು ನಿಮಿಷ. ಬೇಡಿಕೆ ಅರ್ಧ ಆಯ್ತು ಅಂತಿಟ್ಕೊಳ್ಳಿ, ಎರಡು ನಿಮಿಷಕ್ಕೊಂದು ಕಾರು ಸಾಕು. ಈಗ ಅದೇ ಕೆಲಸಗಾರನಿಗೆ ಎರಡು ನಿಮಿಷ ಸಿಗುತ್ತೆ, ಸುಮ್ನೆ ನಿಲ್ಲಿಸ್ತಾರಾ, ಪಕ್ಕದವನ ಕೆಲ್ಸಾನೂ ಅವನಿಗೇ ಕೊಡ್ತಾರೆ. ಪಕ್ಕದವನು ಹೆಚ್ಚುವರಿ. ನೂರು ಜನರ ಲೈನ್ ಐವತ್ತು ಜನಕ್ಕೆ ಇಳೀತು. ಯಾರಿಗೂ ಯಾರ ಮೇಲೂ ಕೋಪ ಇಲ್ಲ, ಯಾರೂ ಕೆಲ್ಸ ಕೆಟ್ಟದಾಗಿ ಮಾಡಿಲ್ಲ, ಬರೀ ಭಾಗಾಕಾರ.

ಇದರ ಜೊತೆ ಜಸ್ಟ್ ಇನ್ ಟೈಮ್ ಸೇರಿಸಿ. ಟೊಯೋಟಾದ ಓನೋ ತೈಇಚಿ ಕಟ್ಟಿ ಬೆಳೆಸಿದ ಪದ್ಧತಿ ಅದು, ಬೇಕಾದ ಪಾರ್ಟು ಬೇಕಾದ ಹೊತ್ತಿಗೆ ಬೇಕಾದಷ್ಟೇ ಬರಬೇಕು, ಗೋಡೌನಲ್ಲಿ ರಾಶಿ ಹಾಕಿದ್ರೆ ಅದು ವೇಸ್ಟು. ಜಗತ್ತೆಲ್ಲ ಮೆಚ್ಚಿದ ಪದ್ಧತಿ, ನಾನೂ ಮೆಚ್ತೀನಿ. ಆದ್ರೆ ನಡುವೆ ಸ್ಟಾಕ್ ಇಲ್ಲ ಅಂದ್ಮೇಲೆ ಶೋರೂಮಲ್ಲಿ ಬಿದ್ದ ಪೆಟ್ಟು ಲೈನಿಗೆ ತಲುಪೋಕೆ ತಡ ಆಗಲ್ಲ, ಲೈನಿಂದ ಪಾರ್ಟ್ಸ್ ಮಾಡೋ ಸಣ್ಣ ಕಂಪನಿಗಳಿಗೆ ಹೋಗೋಕೂ ತಡ ಆಗಲ್ಲ. 2009ರ ಫೆಬ್ರವರಿ-ಮಾರ್ಚಲ್ಲಿ ಟೊಯೋಟಾ ತನ್ನ ದೇಶದೊಳಗಿನ ಫ್ಯಾಕ್ಟರಿಗಳನ್ನೆಲ್ಲ ಒಟ್ಟು 11 ದಿನ ನಿಲ್ಲಿಸ್ತು. ಅಲ್ಲಿ ನಿಂತ್ರೆ ಕೆಳಗಿನ ಸಪ್ಲೈಯರ್‌ಗಳೆಲ್ಲ ನಿಂತ ಹಾಗೇ.

ಸರಿ, ಐವತ್ತು ಜನ ಹೆಚ್ಚುವರಿ ಆದ್ರು. ಯಾವ ಐವತ್ತು?

ಇಲ್ಲಿ ಮೂರು ಥರದ ಜನ ಒಂದೇ ಲೈನಲ್ಲಿ ನಿಂತಿರ್ತಾರೆ ಅಂತ ತಿಳ್ಕೊಬೇಕು. ಒಬ್ಬ ಪರ್ಮನೆಂಟ್. ಇನ್ನೊಬ್ಬ ಕಂಪನಿಯೇ ನೇರವಾಗಿ ಇಷ್ಟು ತಿಂಗಳಿಗೆ ಅಂತ ತಗೊಂಡೋನು, ಜಪಾನಿನಲ್ಲಿ ಕಿಕಾನ್ ಅಂತಾರೆ, ಅವಧಿ ಕಾರ್ಮಿಕ. ಮೂರನೆಯವನು ಹಕೆನ್, ಅಂದ್ರೆ ಏಜೆನ್ಸಿ ಕಳಿಸಿದೋನು. ಅವನ ಸಂಬಳದ ಚೀಟಿ ಏಜೆನ್ಸಿಯದು, ಕೆಲ್ಸ ಹೇಳೋದು ಫ್ಯಾಕ್ಟರಿ. ಮೂವರೂ ಅಕ್ಕಪಕ್ಕ ನಿಂತು ಒಂದೇ ಬೋಲ್ಟ್ ಬಿಗೀತಿರ್ತಾರೆ. ನೋಡಿದ್ರೆ ಗೊತ್ತಾಗಲ್ಲ.

ಕಿಕಾನ್ ಕಾರ್ಮಿಕರ ಇತಿಹಾಸ ಹಳೇದು, ಚಳಿಗಾಲದಲ್ಲಿ ಹೊಲದ ಕೆಲ್ಸ ಇಲ್ಲದಾಗ ಉತ್ತರದ ಹಳ್ಳಿಗಳಿಂದ ರೈತರು ಫ್ಯಾಕ್ಟರಿಗೆ ಬಂದು ದುಡಿದು ವಾಪಸ್ ಹೋಗ್ತಿದ್ರು, ಅಲ್ಲಿಂದ ಬಂದ ಪದ್ಧತಿ. ಆದ್ರೆ ಹಕೆನ್ ಕಾರ್ಮಿಕ ಕಾರ್ ಫ್ಯಾಕ್ಟರಿಗೆ ಬಂದಿದ್ದು ತೀರಾ ಇತ್ತೀಚೆಗೆ. 1985ರಲ್ಲಿ ಏಜೆನ್ಸಿ ಕಾರ್ಮಿಕರ ಕಾನೂನು ಆದಾಗ ಕೆಲವೇ ಕೆಲವು ವಿಶೇಷ ಕೆಲಸಗಳಿಗೆ ಮಾತ್ರ ಅವಕಾಶ ಇತ್ತು, 1999ರಲ್ಲಿ ಬಾಗಿಲು ದೊಡ್ಡದಾಗಿ ತೆಗೆದ್ರು, ಆಗ್ಲೂ ಫ್ಯಾಕ್ಟರಿ ಉತ್ಪಾದನೆ ಕೆಲ್ಸ ಮಾತ್ರ ಬೇಡ ಅಂತ ಹೊರಗಿಟ್ಟಿದ್ರು. 2004ರ ಮಾರ್ಚಲ್ಲಿ ಅದನ್ನೂ ತೆಗೆದ್ರು. ಒಂದು ವರ್ಷದ ಮಿತಿ ಇತ್ತು, 2007ರಲ್ಲಿ ಮೂರು ವರ್ಷ ಮಾಡಿದ್ರು. ಅಂದ್ರೆ 2008ರಲ್ಲಿ ಈ ಜನರನ್ನ ಬೀದಿಗೆ ತಂದ ವ್ಯವಸ್ಥೆಗೆ ಆಗ ಬರೀ ನಾಲ್ಕೂವರೆ ವರ್ಷ ವಯಸ್ಸು. ಇದನ್ನ ನೆನಪಲ್ಲಿಡಿ, ಯಾಕಂದ್ರೆ ಆಮೇಲೆ ಎಲ್ಲರೂ ಇದೇನೋ ಪ್ರಕೃತಿ ನಿಯಮ ಅನ್ನೋ ಥರ ಮಾತಾಡಿದ್ರು.

ಒಂದು ಸಣ್ಣ ಮಾತು, ಲೆಕ್ಕದ ಪುಸ್ತಕದ ಬಗ್ಗೆ. ಪರ್ಮನೆಂಟ್ ಕಾರ್ಮಿಕನ ಸಂಬಳ ಸಿಬ್ಬಂದಿ ವೆಚ್ಚದ ಖಾತೆಗೆ ಬರುತ್ತೆ. ಹಕೆನ್ ಕಾರ್ಮಿಕನಿಗೆ ಫ್ಯಾಕ್ಟರಿ ಕೊಡೋದು ಸಂಬಳ ಅಲ್ವಲ್ಲ, ಏಜೆನ್ಸಿಗೆ ಕೊಡೋ ಶುಲ್ಕ. ಹಾಗಾಗಿ ಎಷ್ಟೋ ಕಡೆ ಅದು ಸಾಮಗ್ರಿ, ಸೇವೆ ಇಂಥ ಖರ್ಚಿನ ಜೊತೆ ಕೂತಿರುತ್ತೆ, ಅದನ್ನ ನೋಡ್ಕೊಳ್ಳೋದು ಎಚ್‌ಆರ್ ಬದಲು ಪರ್ಚೇಸ್ ಡಿಪಾರ್ಟ್‌ಮೆಂಟು. ನಟ್ಟು ಬೋಲ್ಟು ಆರ್ಡರ್ ಮಾಡೋರೇ ಮನುಷ್ಯರನ್ನೂ ಆರ್ಡರ್ ಮಾಡ್ತಾರೆ. ಇದರಲ್ಲಿ ಯಾರೂ ಕ್ರೂರಿ ಅಂತ ನಾನು ಹೇಳ್ತಿಲ್ಲ. ಆದ್ರೆ ಖರ್ಚು ಕಮ್ಮಿ ಮಾಡಿ ಅಂತ ಮೇಲಿಂದ ಆದೇಶ ಬಂದಾಗ ಪರ್ಚೇಸ್‌ನೋನು ನೋಡೋದು ಒಂದು ಅಂಕಿ, ಮುಂದಿನ ತಿಂಗಳು ಇನ್ನೂರು ಸಾಕು ಅಂತ ಏಜೆನ್ಸಿಗೆ ತಿಳಿಸ್ತಾನೆ, ಮುಗೀತು. ಆ ಇನ್ನೂರರಲ್ಲಿ ಯಾರಿಲ್ಲ ಅನ್ನೋದು ಅವನಿಗೆ ಗೊತ್ತಾಗೋ ಪ್ರಸಂಗವೇ ಬರಲ್ಲ. ಏಜೆನ್ಸಿಯನ್ನ ಕೇಳಿದ್ರೆ, ಫ್ಯಾಕ್ಟರಿ ಬೇಡ ಅಂತು ನಾವೇನ್ಮಾಡೋಣ. ಫ್ಯಾಕ್ಟರಿಯನ್ನ ಕೇಳಿದ್ರೆ, ಅವನು ನಮ್ಮ ಕಾರ್ಮಿಕನೇ ಅಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಇಲ್ಲಿ ಜಗಳಾನೂ ಇಲ್ಲ, ಇಬ್ಬರೂ ಚೆನ್ನಾಗೇ ಇದಾರೆ, ಕೂಸು ಮಾತ್ರ ಬಡವಾಯ್ತು.

ಜಪಾನಿನಲ್ಲಿ ಇಂಥವರಿಗೆ ಒಂದು ಹೆಸರಿತ್ತು, ಉದ್ಯೋಗದ ಕಂಟ್ರೋಲ್ ವಾಲ್ವ್ ಅಂತ. ನಲ್ಲಿ ಇದ್ದ ಹಾಗೆ, ಬೇಕಾದಾಗ ತಿರುಗಿಸು, ಬೇಡದಾಗ ಮುಚ್ಚು. ಪೇಪರಲ್ಲಿ, ಟಿವಿಯಲ್ಲಿ, ಆರ್ಥಿಕ ತಜ್ಞರ ಬಾಯಲ್ಲಿ ಎಲ್ಲ ಕಡೆ ಈ ಮಾತೇ. ಇನ್ನೊಂದು ಪದ ಆ ಚಳಿಗಾಲದಲ್ಲಿ ಹುಟ್ಟಿ ಎಲ್ಲರ ಬಾಯಿಗೆ ಬಂತು: ಹಕೆನ್ ಗಿರಿ. ನಮ್ಮ ಕಿವಿಗೆ ಗಿರಿ ಅಂದ ತಕ್ಷಣ ಗುಮಾಸ್ತಗಿರಿ, ಗುಲಾಮಗಿರಿ, ದಾದಾಗಿರಿ ಎಲ್ಲ ನೆನಪಾಗುತ್ತೆ ಅಲ್ವಾ, ನನಗೂ ಮೊದಲ ಸಲ ಹಾಗೇ ಅನ್ನಿಸ್ತು, ಏಜೆನ್ಸಿ ಕಾರ್ಮಿಕಗಿರಿ ಇರಬಹುದು ಅಂತ. ಅಲ್ಲ, ಅಲ್ಲಿ ಅದು ಕತ್ತರಿಸು ಅನ್ನೋ ಕ್ರಿಯಾಪದದಿಂದ ಬಂದಿದ್ದು. ಹಕೆನ್‌ಗಳನ್ನ ಕತ್ತರಿಸಿ ಹಾಕೋದು.

ಈಗ ಕಾನೂನು. ಬೋರ್ ಆಗುತ್ತೆ ಅಂದ್ಕೋಬೇಡಿ, ನನ್ನ ಪ್ರಕಾರ ಇಡೀ ಕಥೆಯ ಗಂಟು ಇಲ್ಲಿದೆ. ಜಪಾನಿನಲ್ಲಿ ಪರ್ಮನೆಂಟ್ ಕಾರ್ಮಿಕನನ್ನ ಕಂಪನಿ ಕಷ್ಟದಲ್ಲಿದೆ ಅಂತ ತೆಗೀಬೇಕು ಅಂದ್ರೆ ಕೋರ್ಟ್ ನಾಲ್ಕು ವಿಷ್ಯ ನೋಡುತ್ತೆ. ನಿಜವಾಗ್ಲೂ ಅಗತ್ಯ ಇತ್ತಾ, ತೆಗೆಯದೇ ಇರೋಕೆ ಬೇರೆ ಪ್ರಯತ್ನ ಮಾಡಿದ್ರಾ, ಇವರನ್ನೇ ಆರಿಸಿದ್ದಕ್ಕೆ ನ್ಯಾಯವಾದ ಕಾರಣ ಇದೆಯಾ, ಕಾರ್ಮಿಕರ ಜೊತೆ ಸರಿಯಾಗಿ ಮಾತಾಡಿದ್ರಾ. ತುಂಬಾ ಒಳ್ಳೇ ರಕ್ಷಣೆ. ಆದ್ರೆ ಆ ಎರಡನೇದು ನೋಡಿ, ಬೇರೆ ಪ್ರಯತ್ನ. ಕಂಪನಿಗಳು ಏನಂತವೆ, ನಾವು ಮೊದಲು ಟೆಂಪರರಿಗಳನ್ನ ತೆಗೆದ್ವಿ ಸ್ವಾಮಿ, ಅದೇ ಪ್ರಯತ್ನ. 1986ರಲ್ಲಿ ಹಿತಾಚಿ ಮೆಡಿಕೊ ಅನ್ನೋ ಕೇಸಲ್ಲಿ ಸುಪ್ರೀಂ ಕೋರ್ಟೇ ಇದಕ್ಕೆ ಸೈ ಅಂದಿತ್ತು, ಪರ್ಮನೆಂಟ್‌ಗಳಿಂದ ಸ್ವಇಚ್ಛೆಯ ನಿವೃತ್ತಿ ಕೇಳೋಕೂ ಮುಂಚೆ ಟೆಂಪರರಿಗಳ ಒಪ್ಪಂದ ಮುಗಿಸಿದ್ರೆ ಅದು ತಪ್ಪಲ್ಲ ಅಂತ. ಅಂದ್ರೆ ಒಬ್ಬನನ್ನ ಕಾಪಾಡೋ ಗೋಡೆಗೆ ಇನ್ನೊಬ್ಬನೇ ಇಟ್ಟಿಗೆ.

ಮತ್ತೆ ಟೆಂಪರರಿಯನ್ನ "ತೆಗೀಬೇಕು" ಅನ್ನೋ ಪ್ರಶ್ನೆಯೇ ಹೆಚ್ಚಿನ ಸಲ ಬರಲ್ಲ. ಒಪ್ಪಂದ ಮೂರು ತಿಂಗಳಿಗೋ ಆರು ತಿಂಗಳಿಗೋ ಇರುತ್ತೆ, ಎಲ್ಲರದ್ದೂ ಒಂದೇ ದಿನ ಮುಗಿಯಲ್ಲ, ಈ ತಿಂಗಳು ಇಷ್ಟು ಜನ, ಮುಂದಿನ ತಿಂಗಳು ಇಷ್ಟು ಜನ. ಮುಗಿದೋರದ್ದು ಮುಂದುವರಿಸದೇ ಇದ್ರೆ ಸಾಕು, ಲೈನ್ ತಾನಾಗೇ ತೆಳ್ಳಗಾಗ್ತಾ ಹೋಗುತ್ತೆ. ಯಾರನ್ನೂ ವಜಾ ಮಾಡಿಲ್ಲ! ಟೊಯೋಟಾದ ಕಿಕಾನ್ ಕಾರ್ಮಿಕರ ಲೆಕ್ಕ ಇನ್ನೂ ಸ್ವಾರಸ್ಯ, ಒಪ್ಪಂದ ಎಷ್ಟು ಸಲ ಮುಂದುವರಿದ್ರೂ ಗರಿಷ್ಠ 2 ವರ್ಷ 11 ತಿಂಗಳು. ಮೂರು ವರ್ಷ ತುಂಬೋಕೆ ಒಂದು ತಿಂಗಳು ಇರೋ ಹಾಗೇ ಮನೆಗೆ.

ಈಗ ಆ ಚಳಿಗಾಲಕ್ಕೆ ವಾಪಸ್ ಬರೋಣ. ನವೆಂಬರಲ್ಲಿ ಟೊಯೋಟಾ ಹೇಳ್ತು, ಕಿಕಾನ್ ಕಾರ್ಮಿಕರನ್ನ ಸುಮಾರು 6,000ದಿಂದ 2009ರ ಮಾರ್ಚ್ ಹೊತ್ತಿಗೆ 3,000ಕ್ಕೆ ಇಳಿಸ್ತೀವಿ ಅಂತ. ಆ ವರ್ಷದ ಶುರುವಿಗೆ ಅವರು ಇನ್ನೂ ಹೆಚ್ಚೇ ಇದ್ರು, ಮಾರಾಟ ಇಳಿಯೋ ವಾಸನೆ ಬಂದಾಗಿಂದ ಹೊಸಬರನ್ನ ತಗೊಳ್ಳೋದು ನಿಲ್ಲಿಸಿದ್ರು. ಟ್ರಕ್ ಮಾಡೋ ಇಸುಜು ತನ್ನ ಎರಡು ಫ್ಯಾಕ್ಟರಿಗಳಿಂದ ಟೆಂಪರರಿಗಳು ಎಲ್ಲರೂ, ಸುಮಾರು 1,400 ಜನ, ಹೊರಗೆ ಅಂತು, ಅದೂ ಕೆಲವರ ಒಪ್ಪಂದ ಮುಗಿಯೋಕೆ ಮುಂಚೆನೇ. ಇಲ್ಲಿ ಒಂದು ತೊಡಕು ಇತ್ತು. ಅದೇ 2008ರ ಮಾರ್ಚಲ್ಲಿ ಜಾರಿಗೆ ಬಂದ ಕಾರ್ಮಿಕ ಒಪ್ಪಂದ ಕಾನೂನಿನ 17ನೇ ವಿಧಿ ಪ್ರಕಾರ ಅವಧಿ ಒಪ್ಪಂದದ ನಡುವೆ ತೆಗೀಬೇಕು ಅಂದ್ರೆ ಅನಿವಾರ್ಯ ಕಾರಣ ಬೇಕು, ಬರೀ ಮಾರಾಟ ಬಿತ್ತು ಅಂದ್ರೆ ಸಾಲದು. ಕಾರ್ಮಿಕರು ಯೂನಿಯನ್ ಕಟ್ಟಿ ಕೋರ್ಟಿಗೆ ಹೋದ್ರು, ಕಂಪನಿ ನೇರವಾಗಿ ತಗೊಂಡಿದ್ದ ಅವಧಿ ಕಾರ್ಮಿಕರ ಮಟ್ಟಿಗೆ ಆ ಆದೇಶ ವಾಪಸ್ ತಗೊಂಡಿತು. ಏಜೆನ್ಸಿಯೋರಿಗೆ ಆ ಭಾಗ್ಯ ಸಿಗಲಿಲ್ಲ.

ಸರ್ಕಾರದ ಅಂಕಿ ಹೇಗೆ ಬೆಳೀತು ನೋಡಿ, ನನಗೆ ಇದು ಯಾವ ಭಾಷಣಕ್ಕಿಂತ ಜಾಸ್ತಿ ಹೇಳುತ್ತೆ ಅನ್ಸುತ್ತೆ. ಕಾರ್ಮಿಕ ಸಚಿವಾಲಯ ನವೆಂಬರಲ್ಲಿ ಲೆಕ್ಕ ಹಾಕಿ, ಅಕ್ಟೋಬರಿಂದ ಮಾರ್ಚ್ ಒಳಗೆ ಪರ್ಮನೆಂಟ್ ಅಲ್ಲದ ಸುಮಾರು 30,000 ಜನ ಕೆಲ್ಸ ಕಳ್ಕೋತಾರೆ ಅಂತು. ಡಿಸೆಂಬರಲ್ಲಿ ಅದೇ ಅವಧಿಗೆ 85,000 ಅಂತು. ಜನವರಿಯಲ್ಲಿ ಸುಮಾರು 1 ಲಕ್ಷ 25 ಸಾವಿರ. ಫೆಬ್ರವರಿಯಲ್ಲಿ 1 ಲಕ್ಷ 58 ಸಾವಿರ. ಮಾರ್ಚಲ್ಲಿ 1 ಲಕ್ಷ 92 ಸಾವಿರ. ಇದು ಸರ್ಕಾರಕ್ಕೆ ಗೊತ್ತಾದ ಲೆಕ್ಕ, ಏಜೆನ್ಸಿಗಳ ಸಂಘಗಳೇ 4 ಲಕ್ಷ ಅಂತ ಅಂದಾಜು ಮಾಡಿದ್ವು. ಜಿಲ್ಲಾವಾರು ನೋಡಿದ್ರೆ ಮೇಲೆ ಇದ್ದಿದ್ದು ಐಚಿ, ಟೊಯೋಟಾದ ನೆಲ.

ಕೆಲ್ಸ ಹೋಗೋದು ಒಂದು ಕಷ್ಟ. ಆದ್ರೆ ಪಾರ್ಕಲ್ಲಿ ಟೆಂಟ್ ಯಾಕೆ ಬಂತು? ಅದಕ್ಕೆ ವಸತಿ ಕಥೆ ಹೇಳ್ಬೇಕು.

ಏಜೆನ್ಸಿಗಳು ಜನರನ್ನ ಸೇರಿಸ್ಕೊಳ್ಳೋದು ದೂರದೂರಿಂದ. ಹೊಕ್ಕೈದೊ, ಓಕಿನಾವಾ, ಕ್ಯೂಶೂ, ಹೀಗೆ ಕೆಲ್ಸ ಕಮ್ಮಿ ಇರೋ ಕಡೆಯಿಂದ. ಜಾಹೀರಾತಲ್ಲಿ ಏನಿರುತ್ತೆ, ರೂಮ್ ಕೊಡ್ತೀವಿ, ಟಿವಿ ಫ್ರಿಜ್ ಎಲ್ಲ ಇದೆ, ಬಟ್ಟೆ ಬ್ಯಾಗು ತಗೊಂಡು ಬಂದ್ರೆ ಸಾಕು. ಬಾಡಿಗೆ ಸಂಬಳದಲ್ಲೇ ಕಟ್, ಎಷ್ಟೋ ಕಡೆ ಆ ಟಿವಿ ಫ್ರಿಜ್‌ದೂ ಕಟ್. ಒಪ್ಪಂದ ಮುಗಿದ್ರೆ ರೂಮೂ ಮುಗೀತು, ಕೆಲವೇ ದಿನದಲ್ಲಿ ಖಾಲಿ ಮಾಡ್ಬೇಕು. ಸರಿ ಬೇರೆ ಮನೆ ಹುಡುಕೋಣ ಅಂದ್ರೆ ಜಪಾನಿನಲ್ಲಿ ಬಾಡಿಗೆ ಮನೆ ಹಿಡಿಯೋಕೆ ಡಿಪಾಸಿಟ್ ಇದೆ, ಅದರ ಮೇಲೆ ಮಾಲೀಕನಿಗೆ ವಾಪಸ್ ಬರದ ಕಾಣಿಕೆ ಹಣ ಅಂತ ಬೇರೆ ಇದೆ, ಜಾಮೀನಿಗೆ ಒಬ್ಬರು ನಿಲ್ಲಬೇಕು. ಸಂಬಳ ಇಲ್ಲದವನಿಗೆ ಯಾರು ಜಾಮೀನು? ವಿಳಾಸ ಇಲ್ಲದವನಿಗೆ ಹೊಸ ಕೆಲ್ಸ ಕಷ್ಟ, ಕೆಲ್ಸ ಇಲ್ಲದವನಿಗೆ ವಿಳಾಸ ಕಷ್ಟ. ರಾತ್ರಿ ಇಂಟರ್ನೆಟ್ ಕೆಫೆ ಕುರ್ಚಿಯಲ್ಲಿ ಮಲಗಿ, ಕೈಲಿದ್ದ ದುಡ್ಡು ಮುಗಿದ ಮೇಲೆ ಸ್ಟೇಷನ್ನು, ಆಮೇಲೆ ಪಾರ್ಕು.

ನಿರುದ್ಯೋಗ ವಿಮೆ ಇರಲಿಲ್ವಾ ಅಂತ ಕೇಳಬಹುದು. ಇತ್ತು. ಆದ್ರೆ ಕನಿಷ್ಠ ಒಂದು ವರ್ಷ ಕೆಲ್ಸ ಇರುತ್ತೆ ಅನ್ನೋ ನಿರೀಕ್ಷೆ ಇದ್ದೋರನ್ನ ಮಾತ್ರ ಅದಕ್ಕೆ ಸೇರಿಸ್ಕೊಳ್ತಿದ್ರು. ಮೂರು ತಿಂಗಳ ಒಪ್ಪಂದದವನು ಆ ನಿರೀಕ್ಷೆನ ಎಲ್ಲಿಂದ ತರ್ತಾನೆ. ಅಂದ್ರೆ ಕೆಲ್ಸ ಹೋಗೋ ಅಪಾಯ ಯಾರಿಗೆ ಅತಿ ಹೆಚ್ಚೋ ಅವರೇ ವಿಮೆಯಿಂದ ಹೊರಗೆ. 2009ರ ವಸಂತದಲ್ಲಿ ಅದನ್ನ ಆರು ತಿಂಗಳಿಗೆ ಇಳಿಸಿದ್ರು, 2010ರಲ್ಲಿ 31 ದಿನಕ್ಕೆ. ಕಂಪನಿಗಳಿಗೆ ಕಾರ್ಮಿಕರನ್ನ ತೆಗೀದೆ ಸುಮ್ನೆ ಕೂರಿಸಿಕೊಂಡ್ರೆ ಸರ್ಕಾರ ಸಬ್ಸಿಡಿ ಕೊಡೋ ಯೋಜನೇನೂ ಇತ್ತು, 2009ರಲ್ಲಿ 20 ಲಕ್ಷಕ್ಕೂ ಹೆಚ್ಚು ಕಾರ್ಮಿಕರ ಹೆಸರಲ್ಲಿ ಅದಕ್ಕೆ ಅರ್ಜಿ ಹೋಯ್ತು. ಅದು ದೊಡ್ಡ ಕೆಲ್ಸ, ಇಲ್ದಿದ್ರೆ ಗತಿ ಇನ್ನೂ ಕೆಡ್ತಿತ್ತು. ಆದ್ರೆ ಅದರ ಆಸರೆ ಸಿಕ್ಕಿದ್ದು ಮುಖ್ಯವಾಗಿ ಪರ್ಮನೆಂಟ್‌ಗಳಿಗೆ.

ಯೂನಿಯನ್ ಏನ್ಮಾಡ್ತಿತ್ತು ಅಂತಾನೂ ಕೇಳ್ತೀರಿ, ಕೇಳಲೇಬೇಕು. ಜಪಾನಿನಲ್ಲಿ ಯೂನಿಯನ್ ಅಂದ್ರೆ ಹೆಚ್ಚಾಗಿ ಒಂದೊಂದು ಕಂಪನಿಗೆ ಒಂದೊಂದು, ಮೆಂಬರ್‌ಗಳು ಆ ಕಂಪನಿಯ ಪರ್ಮನೆಂಟ್‌ಗಳು. ಹಕೆನ್ ಅವರ ಮೆಂಬರೇ ಅಲ್ಲ. ನಾನು ಅವರನ್ನ ಬೈಯೋಕೆ ಹೊರಟಿಲ್ಲ, ಅವರಿಗೂ ಮನೆ ಸಾಲ, ಮಕ್ಕಳ ಓದು, ಎಲ್ಲ ಇದೆ. ಪಕ್ಕದಲ್ಲಿ ನಿಂತವನು ಸೋಮವಾರ ಬರಲಿಲ್ಲ ಅಂದಾಗ ಒಳಗೊಳಗೇ, ಸದ್ಯ ನಾನಲ್ಲ, ಅನ್ನಿಸಿರುತ್ತೆ. ಮನುಷ್ಯರಲ್ವಾ.

ಇನ್ನೊಂದು ಗುಂಪು ಇದೆ, ಅವರ ಬಗ್ಗೆ ಯಾರೂ ಜಾಸ್ತಿ ಮಾತಾಡಲ್ಲ. ನೂರು ವರ್ಷದ ಹಿಂದೆ ಜಪಾನಿನಿಂದ ಬ್ರೆಜಿಲಿಗೆ ಕಾಫಿ ತೋಟಕ್ಕೆ ದುಡಿಯೋಕೆ ಹೋದೋರ ಮಕ್ಕಳು, ಮೊಮ್ಮಕ್ಕಳು. 1990ರಲ್ಲಿ ವಲಸೆ ಕಾನೂನು ಬದಲಾಯಿಸಿ ಇವರಿಗೆ ಬಂದು ದುಡಿಯೋಕೆ ದಾರಿ ಮಾಡಿದ್ರು, 2007ರ ಹೊತ್ತಿಗೆ 3 ಲಕ್ಷಕ್ಕೂ ಹೆಚ್ಚು ಬ್ರೆಜಿಲಿಯನ್ನರು ಜಪಾನಿನಲ್ಲಿದ್ರು. ಹಮಾಮತ್ಸು, ಟೊಯೋಟಾ ನಗರ, ಗುನ್ಮಾದ ಓಯಿಜುಮಿ, ಎಲ್ಲಿ ಕಾರು ಮತ್ತೆ ಪಾರ್ಟ್ಸ್ ಫ್ಯಾಕ್ಟರಿ ಇದೆಯೋ ಅಲ್ಲಿ. ಬಹಳ ಜನ ಏಜೆನ್ಸಿ ಮೂಲಕವೇ. ಅವರ ಕೆಲ್ಸ ಹೋದಾಗ ಸರ್ಕಾರ 2009ರ ಏಪ್ರಿಲಲ್ಲಿ ಒಂದು ಯೋಜನೆ ತಂತು: ನಿಮ್ಮ ದೇಶಕ್ಕೆ ವಾಪಸ್ ಹೋಗ್ತೀರಾ, ತಲೆಗೆ 3 ಲಕ್ಷ ಯೆನ್, ಅವಲಂಬಿತರಿಗೆ 2 ಲಕ್ಷ ಯೆನ್ ಕೊಡ್ತೀವಿ, ಆದ್ರೆ ಸದ್ಯಕ್ಕೆ ಇದೇ ವೀಸಾದಲ್ಲಿ ಮತ್ತೆ ಬರೋ ಹಾಗಿಲ್ಲ. 20 ಸಾವಿರಕ್ಕೂ ಹೆಚ್ಚು ಜನ ತಗೊಂಡು ಹೋದ್ರು. ಜಪಾನಿನಲ್ಲೇ ಹುಟ್ಟಿ ಜಪಾನಿ ಸ್ಕೂಲಿಗೆ ಹೋಗ್ತಿದ್ದ ಮಕ್ಕಳೂ ಹೋದ್ರು. ಆ ನಿಷೇಧ ಸಡಿಲ ಆಗಿದ್ದು 2013ರ ಅಕ್ಟೋಬರಲ್ಲಿ.

ಜಪಾನ್ ಮಾತ್ರ ಹೀಗೆ ಅಂದ್ಕೋಬೇಡಿ. ಜರ್ಮನಿಯ ಕುರ್ತ್ಸಾರ್ಬೈಟ್ ಅನ್ನೋ ಯೋಜನೆ ಆಗ ತುಂಬಾ ಹೆಸರು ಮಾಡ್ತು. ಕೆಲ್ಸದ ಗಂಟೆ ಕಮ್ಮಿ ಮಾಡಿ, ಹೋದ ಸಂಬಳದಲ್ಲಿ ಶೇಕಡ 60, ಮಕ್ಕಳಿದ್ರೆ 67, ಸರ್ಕಾರದ ಕಡೆಯಿಂದ ತುಂಬಿಸೋದು. 2009ರ ಮೇ ತಿಂಗಳಲ್ಲಿ ಸುಮಾರು 15 ಲಕ್ಷ ಜನ ಅದರಲ್ಲಿದ್ರು. ಎಲ್ಲರೂ ಹೊಗಳಿದ್ರು. ಆದ್ರೆ ಅದೇ ಹೊತ್ತಿಗೆ ಫೋಕ್ಸ್‌ವ್ಯಾಗನ್ ತನ್ನ 16,500 ಟೆಂಪರರಿ ಹುದ್ದೆಗಳು ಹೋಗುತ್ತವೆ ಅಂತ ಹೇಳಿತ್ತು. ಇಂಗ್ಲೆಂಡಲ್ಲಿ ಆಕ್ಸ್‌ಫರ್ಡ್ ಹತ್ರ ಕೌಲಿ ಅಂತ ಊರು, ಮಿನಿ ಕಾರು ಮಾಡೋ ಬಿಎಂಡಬ್ಲ್ಯು ಫ್ಯಾಕ್ಟರಿ. 2009ರ ಫೆಬ್ರವರಿಯಲ್ಲಿ ಸುಮಾರು 850 ಏಜೆನ್ಸಿ ಕಾರ್ಮಿಕರಿಗೆ ಕೆಲ್ಸ ಇಲ್ಲ ಅಂತ ಹೇಳಿದ್ದು ಒಂದು ಗಂಟೆ ಮುಂಚೆ. ಒಂದು ಗಂಟೆ! ಕೆಲವರು ಅಲ್ಲಿ ವರ್ಷಗಟ್ಟಲೆ ಕೆಲ್ಸ ಮಾಡಿದೋರು. ಸಿಟ್ಟಲ್ಲಿ ಮ್ಯಾನೇಜರ್‌ಗಳ ಮೇಲೆ ಹಣ್ಣು ಎಸೆದ್ರು ಅಂತ ಪೇಪರಲ್ಲೆಲ್ಲ ಬಂತು. ಎರಡು ವರ್ಷದ ಮೇಲೆ, 2011ರ ಅಕ್ಟೋಬರಿಂದ, ಬ್ರಿಟನ್ನಿನಲ್ಲಿ 12 ವಾರ ಕೆಲ್ಸ ಮಾಡಿದ ಏಜೆನ್ಸಿ ಕಾರ್ಮಿಕನಿಗೆ ಸಮಾನ ಸಂಬಳದ ನಿಯಮ ಬಂತು. ಸಮಾನ ಸಂಬಳ ಬಂತು ಸರಿ, ಆ ಒಂದು ಗಂಟೆಯ ನೋಟಿಸಿಗೆ ಅದರಿಂದ ಏನೂ ಆಗಲ್ಲ.

ಹಿಬಿಯಾ ಪಾರ್ಕಿಗೆ ಬರ್ತೀನಿ. ಅದಕ್ಕೆ ವರ್ಷ ದಾಟಿಸೋ ಹಕೆನ್ ಹಳ್ಳಿ ಅಂತ ಹೆಸರಿಟ್ಟಿದ್ರು. ಮನೆಯಿಲ್ಲದೋರ ಜೊತೆ ವರ್ಷಗಟ್ಟಲೆ ಕೆಲ್ಸ ಮಾಡಿದ್ದ ಯುವಾಸಾ ಮಕೋತೊ ಅದರ "ಊರ ಮುಖ್ಯಸ್ಥ", ಸಾಲಗಾರರ ಪರ ಹೋರಾಡಿದ ವಕೀಲ ಉತ್ಸುನೋಮಿಯಾ ಕೆಂಜಿ ಗೌರವ ಮುಖ್ಯಸ್ಥ. ಒಂದಕ್ಕೊಂದು ಆಗಿಬರದ ಯೂನಿಯನ್‌ಗಳೂ ಸೇರಿದ್ವು, ಅದೇ ಒಂದು ಪವಾಡ. ವರ್ಷದ ಕೊನೆಗೆ ಯಾಕೆ ಅಂದ್ರೆ, ಡಿಸೆಂಬರ್ 29ರಿಂದ ಜನವರಿ 3ರ ತನಕ ಸರ್ಕಾರಿ ಆಫೀಸು ಮುಚ್ಚಿರುತ್ತೆ, ಆ ಆರು ದಿನ ಯಾರ ಬಾಗಿಲೂ ಬಡಿಯೋ ಹಾಗಿಲ್ಲ. ಜನ ಹೆಚ್ಚಾದ್ರು, ಟೆಂಟ್ ಸಾಲಲಿಲ್ಲ. ಜನವರಿ 2ರ ರಾತ್ರಿ ಎದುರಿಗಿದ್ದ ಕಾರ್ಮಿಕ ಸಚಿವಾಲಯ ತನ್ನ ಸಭಾಂಗಣವನ್ನೇ ತೆಗೆದುಕೊಡ್ತು. ಯಾವ ಕಟ್ಟಡದಲ್ಲಿ 2004ರ ಆ ನಿಯಮ ಸಿದ್ಧ ಆಗಿತ್ತೋ ಅದೇ ಕಟ್ಟಡದ ನೆಲದ ಮೇಲೆ ಅವರು ಮಲಗಿದ್ರು. ಜನವರಿ 5ಕ್ಕೆ ಹಳ್ಳಿ ಮುಗಿಯೋ ಹೊತ್ತಿಗೆ ಬಂದು ಹೆಸರು ಬರೆಸಿದೋರು 500ರಷ್ಟು.

ಆ ದಿನವೇ ಸರ್ಕಾರದ ಒಬ್ಬ ಸಂಸದೀಯ ಕಾರ್ಯದರ್ಶಿ ಒಂದು ಸಮಾರಂಭದಲ್ಲಿ, ಇಲ್ಲಿ ಸೇರಿರೋರು ನಿಜವಾಗ್ಲೂ ದುಡಿಯೋ ಮನಸ್ಸಿರೋರೇನಾ ಅಂತ ಅನುಮಾನ ಪಟ್ಟು ಮಾತಾಡಿದ್ರು. ಗಲಾಟೆ ಆಯ್ತು, ಮರುದಿನ ಮಾತು ವಾಪಸ್ ತಗೊಂಡು ಕ್ಷಮೆ ಕೇಳಿದ್ರು. ಟಾಕ್ಟ್ ಲೆಕ್ಕದಲ್ಲಿ ನಿಮಿಷಕ್ಕೊಂದು ಗಾಡಿ ಮುಗಿಸ್ತಿದ್ದೋರಿಗೆ ಈ ಮಾತು.

ಆಮೇಲೆ ಏನಾಯ್ತು? 2009ರ ಆಗಸ್ಟಲ್ಲಿ ಚುನಾವಣೆ, ದಶಕಗಳಿಂದ ಆಳ್ತಿದ್ದ ಪಕ್ಷ ಸೋಲ್ತು, ಹೊಸ ಸರ್ಕಾರ ಫ್ಯಾಕ್ಟರಿಗಳಿಗೆ ಹಕೆನ್ ಕಳಿಸೋದನ್ನೇ ನಿಷೇಧ ಮಾಡ್ತೀವಿ ಅಂದಿತ್ತು. ಎಳೆದಾಡಿ ಎಳೆದಾಡಿ 2012ರಲ್ಲಿ ಕಾನೂನು ಬಂದಾಗ ಆ ನಿಷೇಧ ಅದರಲ್ಲಿ ಇರಲಿಲ್ಲ. ದಿನಗೂಲಿ ಥರ ಕಳಿಸೋದಕ್ಕೆ ಕಡಿವಾಣ ಬಂತು. ಐದು ವರ್ಷ ದಾಟಿದ ಅವಧಿ ಕಾರ್ಮಿಕ ಕೇಳಿದ್ರೆ ಅವಧಿ ಇಲ್ಲದ ಒಪ್ಪಂದ ಕೊಡಬೇಕು ಅನ್ನೋ ನಿಯಮ ಇನ್ನೊಂದು ಕಾನೂನಲ್ಲಿ ಬಂದು 2013ರ ಏಪ್ರಿಲಿಂದ ಜಾರಿ ಆಯ್ತು. 2 ವರ್ಷ 11 ತಿಂಗಳ ಲೆಕ್ಕದೋರಿಗೆ ಅದರಿಂದ ಏನು ಅಂತ ನೀವೇ ಗುಣಿಸಿ ನೋಡಿ.

ಒಂದು ಕೇಸು ಮಾತ್ರ ಹೇಳ್ದೆ ಹೋದ್ರೆ ತಪ್ಪಾಗುತ್ತೆ. ಯಮಾಗುಚಿಯ ಹೋಫುನಲ್ಲಿ ಮಾಜ್ದಾ ಫ್ಯಾಕ್ಟರಿ ಇದೆ. ಅಲ್ಲಿ ಕೆಲ್ಸ ಕಳ್ಕೊಂಡ 15 ಹಕೆನ್ ಕಾರ್ಮಿಕರು ಕೋರ್ಟಿಗೆ ಹೋದ್ರು. ಹಕೆನ್‌ಗೆ ಅವಧಿ ಮಿತಿ ಇದೆ ಅಂದ್ನಲ್ಲ, ಮಿತಿ ಮುಗಿದ ಮೇಲೆ ಮೂರು ತಿಂಗಳಿಗಿಂತ ಜಾಸ್ತಿ ಬಿಡುವು ಕೊಟ್ರೆ ಮತ್ತೆ ಹೊಸದಾಗಿ ಲೆಕ್ಕ ಶುರು ಮಾಡಬಹುದಿತ್ತು. ಕಂಪನಿ ಏನ್ಮಾಡ್ತಿತ್ತು ಅಂದ್ರೆ, ಮಿತಿ ಹತ್ರ ಬಂದಾಗ ಅವರನ್ನ ಮೂರು ತಿಂಗಳು ಒಂದು ದಿನಕ್ಕೆ ಸಪೋರ್ಟ್ ಸಿಬ್ಬಂದಿ ಅಂತ ತಾನೇ ತಗೊಂಡು, ಆಮೇಲೆ ಮತ್ತೆ ಏಜೆನ್ಸಿಗೆ ಕಳಿಸಿ ಅಲ್ಲಿಂದ ವಾಪಸ್ ಕರೆಸ್ಕೊಳ್ತಿತ್ತು. ಮೂರು ತಿಂಗಳು, ಮತ್ತೆ ಒಂದು ದಿನ. ಆ ಒಂದು ದಿನವನ್ನ ಯೋಚಿಸಿದ ತಲೆಗೆ ನಾನು ಕೈ ಮುಗೀತೀನಿ. 2013ರ ಮಾರ್ಚಲ್ಲಿ ಯಮಾಗುಚಿ ಜಿಲ್ಲಾ ಕೋರ್ಟು, ಇದು ಕಾನೂನಿನ ಕಣ್ಣಿಗೆ ಮಣ್ಣೆರಚೋ ಕೆಲ್ಸ, ಇವರಲ್ಲಿ 13 ಜನ ಮಾಜ್ದಾದ ಪರ್ಮನೆಂಟ್ ಕಾರ್ಮಿಕರೇ ಅಂತ ತೀರ್ಪು ಕೊಡ್ತು. ಮರುವರ್ಷ ಹೈಕೋರ್ಟಲ್ಲಿ ಎರಡೂ ಕಡೆಯೋರು ರಾಜಿ ಆದ್ರು. ತೆಗೆದುಹಾಕಿದ ದಿನದಿಂದ ಅಲ್ಲಿಗೆ ಐದು ವರ್ಷಕ್ಕೂ ಮೇಲಾಗಿತ್ತು.

ಮತ್ತೆ ಟೊಯೋಟಾ. 2009ರ ಮೇ ತಿಂಗಳಲ್ಲಿ ಮೂರನೇ ತಲೆಮಾರಿನ ಪ್ರಿಯಸ್ ಬಂತು, ಸರ್ಕಾರ ಕಮ್ಮಿ ಪೆಟ್ರೋಲ್ ಕುಡಿಯೋ ಕಾರುಗಳಿಗೆ ತೆರಿಗೆ ರಿಯಾಯಿತಿ, ಸಬ್ಸಿಡಿ ಎಲ್ಲ ಕೊಟ್ಟಿತು, ಜನ ಬುಕ್ ಮಾಡಿ ತಿಂಗಳುಗಟ್ಟಲೆ ಕಾಯೋ ಹಾಗಾಯ್ತು. ಲೈನಿನ ಟಾಕ್ಟ್ ಮತ್ತೆ ಬಿಗಿಯಾಯ್ತು, ಎರಡು ಜನರ ಕೆಲ್ಸ ಒಬ್ಬ ಮಾಡೋಕೆ ಆಗಲ್ಲ ಈಗ. ಅಕ್ಟೋಬರಲ್ಲಿ ಟೊಯೋಟಾ ಕಿಕಾನ್ ಕಾರ್ಮಿಕರನ್ನ ಮತ್ತೆ ತಗೊಳ್ಳೋಕೆ ಶುರು ಮಾಡ್ತು, ಸುಮಾರು 800 ಜನ. ಅವಧಿ ಒಪ್ಪಂದದ ಮೇಲೆ.